ಬಳ್ಳಾರಿಯ ಬಿಸಿಲಿಗೂ ಸವಳಿಗೂ ತಾಳುವ ಹೂಗಿಡಗಳು

ಬಣ್ಣದ ಚಿತ್ರ ನೋಡಿ ಹೂಗಿಡ ಕೊಳ್ಳುವವರು ಹೆಚ್ಚು, ತಮ್ಮ ಮಣ್ಣನ್ನು ನೋಡಿ ಕೊಳ್ಳುವವರು ಕಡಿಮೆ. ಚೀನಾ ದೇಶದ ಮರ ಪಿಯೋನಿ ಎಂಬ ಗಿಡದ ಹೂವು ಬಲು ಚೆಲುವಾದುದು. ಆದರೆ ಅದು ಚೆನ್ನಾಗಿ ಹೂ ಬಿಡಬೇಕಾದರೆ ಚಳಿಗಾಲದಲ್ಲಿ ಹಲವು ವಾರ ಕಡು ಚಳಿ ಬೀಳಬೇಕು. ಶೀತದೇಶದವರು ತಮ್ಮಲ್ಲಿ ಚಳಿ ಎಷ್ಟು ಕೆಳಗಿಳಿಯುತ್ತದೆಂದು ನೋಡಿ ಅದರ ತಳಿಗಳನ್ನು ಆರಿಸುತ್ತಾರೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಬಳ್ಳಾರಿಗೆ ಆ ಗಿಡ ಸಲ್ಲದು. ಆದರೆ ಅವರ ಕ್ರಮ ಸಲ್ಲುತ್ತದೆ. ಗಿಡವನ್ನು ಕೊಲ್ಲುವ ಕಾರಣವನ್ನು ಮೊದಲು ತಿಳಿದು, ಅದಕ್ಕೆ ತಾಳುವ ಗಿಡವನ್ನು ಅನಂತರ ಹುಡುಕಬೇಕು.

ಈ ಭಾಗದಲ್ಲಿ ಬಿಸಿಲಿಗೆ ಸತ್ತವೆಂದು ಹೇಳುವ ಎಷ್ಟೋ ಗಿಡಗಳು ವಾಸ್ತವವಾಗಿ ಬೇರಿನಿಂದ ಸತ್ತಿರುತ್ತವೆ. ಸವಳು ಹೆಚ್ಚಾದಾಗ ಎಲೆಯ ಅಂಚು ಸುಟ್ಟಂತೆ ಕಂದಾಗುತ್ತದೆ. ಅದನ್ನು ಬಿಸಿಲಿನ ಹೊಡೆತವೆಂದು ತಿಳಿದು ಅದೇ ಸವಳು ನೀರನ್ನು ಇನ್ನಷ್ಟು ಹಾಕಿದರೆ ಗಿಡ ಬೇಗ ಹೋಗುತ್ತದೆ. ಕಸಿ ಸಸಿಗೆ ಕೊಟ್ಟ ಹಣ, ಎರಡು ಬೇಸಿಗೆ ಹೊತ್ತು ಹಾಕಿದ ನೀರು, ಎರಡೂ ವ್ಯರ್ಥ.

ಬಳ್ಳಾರಿ ನಗರದಲ್ಲಿಯೂ ಕುರುಗೋಡಿನಲ್ಲಿಯೂ ಕಲ್ಲುಗುಡ್ಡಗಳ ಬುಡದಲ್ಲಿ ಗರಸು ಬೆರೆತ ಮಸಾರಿ ನೆಲವಿರುವುದುಂಟು. ಅಲ್ಲಿ ನೀರು ಬೇಗ ಬಸಿಯುತ್ತದೆ, ಅಷ್ಟೇ ಬೇಗ ಒಣಗುತ್ತದೆ. ಬಯಲಿಗಿಳಿದರೆ ಎರೆ ನೆಲ. ಸಿರುಗುಪ್ಪದ ಕಡೆ ಎರೆಯದೇ ಪ್ರಾಬಲ್ಯ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಕಾಲುವೆ ನೀರಿನಿಂದ ಭತ್ತ ಬಂದಿತು. ಅದರೊಡನೆ ತಗ್ಗು ಜಾಗಗಳಲ್ಲಿ ಅಂತರ್ಜಲ ಮೇಲೇರಿ, ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಸವಳು ಕಾಣಿಸುವುದೂ ಬಂದಿತು. ಆದ್ದರಿಂದ ಮೂರೂ ಊರುಗಳಿಗೆ ಒಂದೇ ಪಟ್ಟಿ ಕೊಡುವುದು ಸರಿಯಲ್ಲ.

ಮೊದಲು ಮಣ್ಣಿನ ಪರೀಕ್ಷೆ ಮಾಡಿಸಬೇಕು. ಮೇಲಿನ 30 ಸೆಂ.ಮೀ. ಮಣ್ಣನ್ನೂ ಅದರ ಕೆಳಗಿನ 30 ಸೆಂ.ಮೀ. ಮಣ್ಣನ್ನೂ ಬೇರೆ ಬೇರೆಯಾಗಿ ತೆಗೆದು, ಕೊಳವೆ ಬಾವಿಯಿದ್ದರೆ ಒಂದು ಸೀಸೆ ನೀರನ್ನೂ ಕೊಡುವುದು ಒಳ್ಳೆಯದು. ಹಗರಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಈ ಬಗ್ಗೆ ವಿಚಾರಿಸಬಹುದು. ರಸಸಾರ 8.5ಕ್ಕಿಂತ ಹೆಚ್ಚಿದ್ದರೆ ಅದನ್ನು ಕ್ಷಾರದ ಲಕ್ಷಣವೆಂದು ತಿಳಿಯಬೇಕು. ಅಂಥ ನೆಲಕ್ಕೆ ಜಿಪ್ಸಂ ಬೇಕಾಗುತ್ತದೆ. ಆದರೆ ನೀರು ಬಸಿದು ಹೋಗಲು ದಾರಿ ಮಾಡದೆ ಜಿಪ್ಸಂ ಹಾಕಿದರೆ ಪ್ರಯೋಜನ ಸಿಗದು.

ಸವಳು ಕಂಡ ನೆಲಕ್ಕೆ ಕಣಗಿಲೆಯಷ್ಟು ನಂಬಿಕೆಯ ಗಿಡ ಇನ್ನೊಂದಿಲ್ಲವೆನ್ನಬಹುದು. ಬಿಸಿಲು, ನೀರಿನ ಅಭಾವ, ಸವಳು ಮೂರನ್ನೂ ಅದು ತಡೆಯುತ್ತದೆ; ಪೂಜೆಗೂ ಹೂ ಸಿಗುತ್ತದೆ. ಅದರ ಎಲ್ಲ ಭಾಗಗಳೂ ವಿಷ. ಕತ್ತರಿಸಿದ ರೆಂಬೆಗಳನ್ನು ದನ, ಆಡುಗಳಿಗೆ ಸಿಗುವಂತೆ ಎಸೆಯಬಾರದು; ಒಣಗಿದ ಎಲೆಯಲ್ಲೂ ವಿಷ ಉಳಿದಿರುತ್ತದೆ. ಕಾಗದದ ಹೂವಿನ ಬಳ್ಳಿ ಕೂಡ ಸಾಕಷ್ಟು ಸವಳನ್ನು ತಾಳುತ್ತದೆ. ಅದಕ್ಕೆ ನೀರು, ಗೊಬ್ಬರ ಹೆಚ್ಚಾದರೆ ಬರೀ ಎಲೆ ಬೆಳೆದು ಹೂ ಕಡಿಮೆಯಾಗುವುದು. ದೇವಕಣಗಿಲೆ ಒಣಗಾಲದಲ್ಲಿ ಎಲೆ ಉದುರಿಸಿ ತನ್ನನ್ನು ಕಾಪಾಡಿಕೊಳ್ಳುತ್ತದೆ. ಮಸಾರಿಗೆ ಅದು ಚೆನ್ನ. ನೀರು ನಿಲ್ಲುವ ಎರೆಯಲ್ಲಿ ಕೊಳೆಯುತ್ತದೆ.

ಮಲ್ಲಿಗೆಗೂ ನೀರು ಬಸಿಯುವ ನೆಲವೇ ಬೇಕು. 2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದು ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಹೂವಿನಹಡಗಲಿಯ ಮಲ್ಲಿಗೆ ಹೆಸರಾದುದು. ಕುರುಗೋಡಿನ ಮಸಾರಿ ನೆಲದವರು ಅದನ್ನು ಪ್ರಯತ್ನಿಸಬಹುದು. ಎಳೆ ಎಲೆಗಳ ನರಗಳು ಹಸಿರಾಗಿದ್ದು ನಡುವಿನ ಭಾಗ ಹಳದಿಯಾದರೆ ಕಬ್ಬಿಣಾಂಶದ ಕೊರತೆಯೆಂದು ತಿಳಿದು, ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಬೆರೆಸಿ ಸಿಂಪಡಿಸಬೇಕು. ಮಲೆನಾಡಿನಿಂದ ತಂದ ಕೇಪಳ, ಅಜೇಲಿಯಾಗಳಿಗೂ ಸುಣ್ಣದ ಎರೆಯಲ್ಲಿ ಇದೇ ಹಳದಿ ತಗಲುತ್ತದೆ. ಅವಕ್ಕೆ ಹುಳಿ ಮಣ್ಣು ಬೇಕು. ಕುಂಡದಲ್ಲಾದರೆ ಸರಿ, ನೆಲದಲ್ಲಿ ಬೇಡ.

ಗುಲಾಬಿಯಲ್ಲಿ ಎಲ್ಲರೂ ಹೂವಿನ ಬಣ್ಣ ಕೇಳುತ್ತಾರೆ, ಬೇರುಗಿಡ ಯಾವುದೆಂದು ಕೇಳುವವರು ವಿರಳ. ಮಲ್ಟಿಫ್ಲೋರಾ ಬೇರುಗಿಡ ಕ್ಷಾರ ನೆಲದಲ್ಲಿ ಸೊರಗುತ್ತದೆ. ಇಂಡಿಕಾ ಒಡೊರಾಟಾ ಬೇರುಗಿಡ ಅದಕ್ಕಿಂತ ಮೇಲು. ಸಸಿ ಮಾರುವವರಲ್ಲಿ ಇದನ್ನು ಕೇಳಿಯೇ ಕೊಳ್ಳಬೇಕು. ಕಸಿ ಮಾಡಿದ ಮರ ಪಿಯೋನಿಯನ್ನು ನೆಡುವಾಗ ಕಸಿಗಂಟನ್ನು ಮಣ್ಣಿನಲ್ಲಿ ಆಳವಾಗಿ ಹೂಳುತ್ತಾರೆ. ಇಲ್ಲಿಯ ಗುಲಾಬಿಗೆ ಅದು ತಕ್ಕುದಲ್ಲ; ಕಸಿಗಂಟು ಮಣ್ಣಿನ ಮೇಲೆಯೇ ಇರಬೇಕು. ಗಂಟಿನ ಕೆಳಗೆ ಹೊರಟ ಚಿಗುರುಗಳನ್ನು ಬುಡಸಮೇತ ಕಿತ್ತು ಹಾಕುತ್ತಿರಬೇಕು.

ನೆಡುವ ಕಾಲ ಜುಲೈನಿಂದ ಸೆಪ್ಟೆಂಬರ್. ಮಸಾರಿಯಲ್ಲಿ ಉದ್ದ, ಅಗಲ, ಆಳ 60 ಸೆಂ.ಮೀ. ಗುಂಡಿ ತೆಗೆದು ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಬೇಕು. ಎರೆಯಲ್ಲಿ ಹೀಗೆ ಗುಂಡಿ ತೆಗೆದು ಕೆಂಪು ಮಣ್ಣು ತುಂಬುವ ವಾಡಿಕೆ ಕೆಲವರಲ್ಲಿದೆ. ಅದು ತಪ್ಪು ವಾಡಿಕೆ. ಸುತ್ತಲಿನ ಜೇಡಿ ನೀರನ್ನು ಬಿಡದೆ ಗುಂಡಿಯೇ ತೂತಿಲ್ಲದ ಕೊಡದಂತಾಗಿ ಬೇರು ಉಸಿರುಗಟ್ಟುತ್ತದೆ. ಅಲ್ಲಿ ಸುಮಾರು 30 ಸೆಂ.ಮೀ. ಎತ್ತರದ ದಿಣ್ಣೆ ಮಾಡಿ ಅದರ ಮೇಲೆ ಸಸಿ ನೆಡಬೇಕು, ಪಕ್ಕದಲ್ಲಿ ಬಸಿಗಾಲುವೆ ತೆಗೆಯಬೇಕು. ಮೊದಲ ಬೇಸಿಗೆಯಲ್ಲಿ ಪಡುವಣ ದಿಕ್ಕಿಗೆ ಜೋಳದ ದಂಟಿನ ತಡಿಕೆ ಕಟ್ಟಿ, ಬುಡಕ್ಕೆ ಒಣಹುಲ್ಲು ಹರಡಬೇಕು. ಹುಲ್ಲು ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ದೂರವಿರಲಿ, ಇಲ್ಲವಾದರೆ ಗೆದ್ದಲು ಹತ್ತುತ್ತದೆ.