ನಿಮಗಿದು ಗೊತ್ತೇ? ಲಾಗ್ ಎಂಬ ಜಾಣ ಲೆಕ್ಕ

● 1,000 ಬರಬೇಕಾದರೆ ಮೂರು ಹತ್ತುಗಳನ್ನು ಗುಣಿಸಬೇಕು. ಹಾಗಾಗಿ 1,000ದ ಲಾಗರಿದಮ್ 3. ಹತ್ತು ಲಕ್ಷಕ್ಕೆ ಆರು ಹತ್ತುಗಳು ಬೇಕು. ಅದರ ಲಾಗ್ 6. ಸಂಖ್ಯೆ ಸಾವಿರ ಪಟ್ಟಾದರೂ ಲಾಗ್ ಏರಿದ್ದು ಮೂರೇ ಮೆಟ್ಟಿಲು!

● 100 × 1,000 ಎಂದರೆ ಸೊನ್ನೆಗಳನ್ನು ಕೂಡಿಸಿ ‘ಒಂದು ಲಕ್ಷ’ ಎಂದುಬಿಡುತ್ತೇವೆ. ಅದೇ ಲಾಗ್‌ನ ಗುಟ್ಟು: 2 + 3 = 5. ಗುಣಾಕಾರ ಮಾಡಬೇಕಾದಲ್ಲಿ ಸಂಕಲನ ಸಾಕು.

● ಸೊನ್ನೆಯಿಲ್ಲದ ಸಂಖ್ಯೆಗಳಿಗೂ ಇದು ಸಲ್ಲುತ್ತದೆ. 2ರ ಲಾಗ್ 0.3010, 5ರದ್ದು 0.6990. ಕೂಡಿಸಿ ನೋಡಿ: ಸರಿಯಾಗಿ 1. ಅದು 10ರ ಲಾಗ್; 2 × 5 = 10 ತಾನೆ?

● ಸ್ಕಾಟ್ಲೆಂಡಿನ ಜಾನ್ ನೇಪಿಯರ್ ಸುಮಾರು 20 ವರ್ಷ ದುಡಿದು 1614ರಲ್ಲಿ ಮೊದಲ ಲಾಗ್ ಕೋಷ್ಟಕ ಪ್ರಕಟಿಸಿದರು. ಅದನ್ನು ಮೆಚ್ಚಿದ ಲಂಡನ್ನಿನ ಪ್ರಾಧ್ಯಾಪಕ ಹೆನ್ರಿ ಬ್ರಿಗ್ಸ್, ಮರುವರ್ಷವೇ ಎಡಿನ್‌ಬರೋಗೆ ಹೋಗಿ ಅವರನ್ನು ಕಂಡರು. 10ನ್ನು ಆಧಾರವಾಗಿಟ್ಟುಕೊಂಡು ಬ್ರಿಗ್ಸ್ 1624ರಲ್ಲಿ ಹೊರತಂದ ಕೋಷ್ಟಕದಲ್ಲಿ ದಶಮಾಂಶದ ನಂತರ 14 ಅಂಕಿಗಳಿದ್ದವು. ಎಲ್ಲವೂ ಕೈಯಲ್ಲೇ ಮಾಡಿದ ಲೆಕ್ಕ!

● ನೇಪಿಯರ್‌ಗಿಂತ ಶತಮಾನಗಳ ಹಿಂದೆಯೇ ಜೈನ ಆಚಾರ್ಯ ವೀರಸೇನರು ‘ಧವಲಾ’ ಟೀಕೆಯಲ್ಲಿ ‘ಅರ್ಧಚ್ಛೇದ’ವನ್ನು ವಿವರಿಸಿದ್ದರು. ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಿದರೆ 1 ಉಳಿಯುತ್ತದೆ ಎಂಬ ಲೆಕ್ಕವದು. 32, 16, 8, 4, 2, 1: ಐದು ಸಲ. ಇಂದಿನ ಭಾಷೆಯಲ್ಲಿ ಇದು 2ನ್ನು ಆಧಾರವಾಗಿಟ್ಟುಕೊಂಡ ಲಾಗ್. ಆ ಗ್ರಂಥವನ್ನು ತಾಳೆಗರಿಯಲ್ಲಿ ಶತಮಾನಗಳ ಕಾಲ ಕಾಪಾಡಿದ್ದು ನಮ್ಮ ಮೂಡುಬಿದಿರೆ.

● ಹೀಗೆ ಅರ್ಧರ್ಧ ಮಾಡುತ್ತಲೇ ಕಂಪ್ಯೂಟರ್ ಹುಡುಕುತ್ತದೆ. ಅಕಾರಾದಿಯಾಗಿ ಜೋಡಿಸಿದ ಹತ್ತು ಲಕ್ಷ ಹೆಸರುಗಳಲ್ಲಿ ಒಂದನ್ನು ಪತ್ತೆಹಚ್ಚಲು ಹೆಚ್ಚೆಂದರೆ 20 ಸಲ ನೋಡಿದರೆ ಸಾಕು.

● ನೂರು ಎರಡುಗಳನ್ನು ಗುಣಿಸಿದರೆ ಎಷ್ಟು ಅಂಕಿಗಳ ಸಂಖ್ಯೆ ಬರುತ್ತದೆ? ಗುಣಿಸುವ ಗೋಜೇ ಬೇಡ. 100 × 0.3010 = 30.10. ಲಾಗ್ 3 ಇರುವ 1,000ಕ್ಕೆ 4 ಅಂಕಿಗಳಿರುವಂತೆ, ಇದಕ್ಕೆ 31 ಅಂಕಿಗಳು.

● ಲಾಗ್ ಪುಸ್ತಕಗಳ ಮೊದಲ ಹಾಳೆಗಳೇ ಹೆಚ್ಚು ಸವೆಯುವುದನ್ನು 1881ರಲ್ಲಿ ಅಮೆರಿಕದ ಖಗೋಳಜ್ಞ ಸೈಮನ್ ನ್ಯೂಕಾಂಬ್ ಗಮನಿಸಿದರು. ಕಾರಣವಿಷ್ಟೇ: ಆ ಹಾಳೆಗಳಲ್ಲಿರುವುದು 1ರಿಂದ ಶುರುವಾಗುವ ಸಂಖ್ಯೆಗಳ ಲಾಗ್; ವ್ಯಾಪಕವಾಗಿ ಹರಡಿದ ಹಲವು ಬಗೆಯ ಅಂಕಿಅಂಶಗಳಲ್ಲಿ 1ರಿಂದ ಶುರುವಾಗುವ ಸಂಖ್ಯೆಗಳು ಸುಮಾರು ಶೇ 30, 9ರಿಂದ ಶುರುವಾಗುವವು ಶೇ 5ಕ್ಕಿಂತ ಕಡಿಮೆ.

● 80 ಡೆಸಿಬಲ್ ಸದ್ದಿನ ಯಂತ್ರದ ಪಕ್ಕ ಅಂಥದ್ದೇ ಇನ್ನೊಂದನ್ನು ಚಾಲೂ ಮಾಡಿದರೆ ಸದ್ದು 160 ಡೆಸಿಬಲ್ ಆಗದು, ಸುಮಾರು 83 ಆಗುತ್ತದೆ. ಡೆಸಿಬಲ್ ಕೂಡ ಲಾಗ್ ಅಳತೆಯೇ.

● ಭೂಕಂಪದ ತೀವ್ರತೆ 5 ಇದ್ದದ್ದು 7 ಆಯಿತು ಎಂದು ಓದಿದಾಗ ‘ಎರಡೇ ಅಂಕ ಹೆಚ್ಚು’ ಎಂದು ಹಗುರವಾಗಿ ಕಾಣಬೇಡಿ. ಇದೂ ಲಾಗ್ ಅಳತೆಯೇ; ಹೊರಬಿದ್ದ ಶಕ್ತಿ ಸುಮಾರು ಸಾವಿರ ಪಟ್ಟು ಹೆಚ್ಚಾಗಿರುತ್ತದೆ.