ರೋಗ ಬಂದಾಗ ಮನೆಬಾಗಿಲಿಗೆ ಬರುವ ಆದೇಶ: ಯಾರ ಮಾತು ಕಾನೂನು, ಯಾರದು ಬರೀ ಮಾತು?



ಕಳೆದ ಒಕ್ಕೂಟದ ಸಭೆಯಲ್ಲಿ ಡೆಂಗೀ ಬಗ್ಗೆ ಮಾತಾಡುತ್ತಿದ್ದಾಗ ಹಿಂದೆ ಕೂತಿದ್ದ ಒಬ್ಬ ಅಕ್ಕ ಎದ್ದು ನಿಂತು ಕೇಳಿದರು: "ಸಿಸ್ಟರ್, ಮತ್ತೆ ಯಾವುದಾದ್ರೂ ದೊಡ್ಡ ರೋಗ ಬಂದ್ರೆ ಆ ಸಲದ ಹಾಗೆ ನಮ್ಮನ್ನ ಮನೆಯೊಳಗೆ ಕೂಡಿ ಹಾಕ್ತಾರಾ? ಹಾಗೆ ಮಾಡೋಕೆ ಯಾರಿಗೆ ಅಧಿಕಾರ ಇದೆ?" ಆ ಅಕ್ಕ ಯಾಕೆ ಕೇಳಿದರು ಎಂದು ನಮಗೆ ಗೊತ್ತಿತ್ತು. 2020ರ ಮೇ ತಿಂಗಳಲ್ಲಿ ಅವರ ಗಂಡ ಮುಂಬಯಿಯಿಂದ ಬಂದಾಗ ಸರ್ಕಾರಿ ಶಾಲೆಯಲ್ಲಿ ಕ್ವಾರಂಟೈನ್ ಮಾಡಿಸಿದರು. ಅದು ಸರ್ಕಾರದ ನಿಯಮ, ಸರಿಯೇ. ಆದರೆ ಅವರು ಅವಧಿ ಮುಗಿಸಿ ಮನೆಗೆ ಬಂದ ಮೇಲೆ ಬೀದಿಯವರು ಆ ಮನೆಯವರಿಗೆ ನಲ್ಲಿ ಹತ್ತಿರ ಬರಬೇಡಿ ಎಂದರು. ಹೇಳಲು ನಾಚಿಕೆಯಾಗುತ್ತದೆ, ಅವರ ಸಂಘವೇ ವಾರದ ಸಭೆಗೆ ಬರಬೇಡಿ ಎಂದು ಹೇಳಿ, ಕಂತು ಕಟ್ಟಿಲ್ಲ ಎಂದು ದಂಡವನ್ನೂ ಪುಸ್ತಕದಲ್ಲಿ ಬರೆಯಿತು. ನಾವೂ ಆಗ ಆ ಪುಸ್ತಕವನ್ನು ಸರಿಯಾಗಿ ನೋಡಿರಲಿಲ್ಲ.

ಮೊದಲು ಎರಡು ಪದಗಳನ್ನು ಬಿಡಿಸಿಕೊಳ್ಳೋಣ. ರೋಗ ಬಂದಿದೆ ಎಂದು ಗೊತ್ತಾದವರನ್ನು ಬೇರೆ ಇರಿಸುವುದು ಐಸೋಲೇಷನ್. ರೋಗ ಬಂದಿಲ್ಲ, ರೋಗಿಯ ಹತ್ತಿರ ಇದ್ದರು, ಬರಬಹುದೇನೋ ಎಂದು ಕೆಲವು ದಿನ ಕಾಯುವುದು ಕ್ವಾರಂಟೈನ್. ಎಷ್ಟು ದಿನ ಎಂಬುದು ಆಯಾ ರೋಗದ ಮೇಲೆ ಹೋಗುತ್ತದೆ. ಕೊರೊನಾಕ್ಕೆ 2020ರಲ್ಲಿ 14 ದಿನ ಎಂದಿದ್ದರು, ಕೇರಳದಲ್ಲಿ ನಿಪಾ ಬಂದಾಗ 21 ದಿನ. ಹಾಗಾಗಿ ಕ್ವಾರಂಟೈನ್ ಆದವರು ಎಂದರೆ ರೋಗಿ ಎಂದಲ್ಲ, ತಪ್ಪು ಮಾಡಿದವರಂತೂ ಅಲ್ಲವೇ ಅಲ್ಲ.

ಈಗ ಅಧಿಕಾರದ ವಿಷಯ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಅದನ್ನು ತಡೆಯಲು ಬ್ರಿಟಿಷರು 1897ರಲ್ಲಿ ಒಂದು ಪುಟ್ಟ ಕಾನೂನು ಮಾಡಿದರು. ಎರಡು ಮೂರು ಪುಟದ್ದು. ಸರ್ಕಾರ ಏನು ಬೇಕಾದರೂ ಕ್ರಮ ತೆಗೆದುಕೊಳ್ಳಬಹುದು, ಮೀರಿದವರಿಗೆ ಶಿಕ್ಷೆ ಎಂದು ಅದರಲ್ಲಿತ್ತು. ಕೂಡಿ ಹಾಕಿದವರ ಊಟಕ್ಕೆ ಏನು, ಕೂಲಿ ಹೋದರೆ ಯಾರು ಕೊಡಬೇಕು ಎಂಬ ಮಾತೇ ಇಲ್ಲ. ಪುಣೆಯಲ್ಲಿ ಸೈನಿಕರು ಮನೆಮನೆ ನುಗ್ಗಿ ಹುಡುಕಿದ್ದಕ್ಕೆ ಜನ ಎಷ್ಟು ಸಿಟ್ಟಾದರೆಂದರೆ 1897ರ ಜೂನ್‌ನಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡ್ ಎಂಬುವನ ಮೇಲೆ ಗುಂಡು ಹಾರಿಸಿದರು. 1898ರಲ್ಲಿ ಪ್ಲೇಗು ಬೆಂಗಳೂರಿಗೂ ಬಂತು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಥೆಯನ್ನು ನಿಮ್ಮಲ್ಲಿ ಕೆಲವರು ಅಜ್ಜಿಯಿಂದ ಕೇಳಿರಬಹುದು.

ಈಗ ನಮ್ಮ ರಾಜ್ಯಕ್ಕೆ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆ, 2020 ಇದೆ. ಜೊತೆಗೆ 2005ರ ವಿಪತ್ತು ನಿರ್ವಹಣಾ ಕಾಯ್ದೆ. ಇದರ ಪ್ರಕಾರ ಜಿಲ್ಲಾಧಿಕಾರಿಗಳು ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು. ಆದೇಶ ಬರುವುದು ಸರ್ಕಾರದಿಂದ, ಜಿಲ್ಲಾಧಿಕಾರಿಯಿಂದ ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿಯಿಂದ. ಅದನ್ನು ನಮ್ಮ ಬಾಗಿಲಿಗೆ ತರುವವರು ಆಶಾ, ಅಂಗನವಾಡಿ ಕಾರ್ಯಕರ್ತೆ, ಪಿಡಿಒ, ಪೊಲೀಸರು. 2020ರಲ್ಲಿ ಪಂಚಾಯತಿ ಮಟ್ಟದಲ್ಲಿ ಕಾರ್ಯಪಡೆ ಇತ್ತಲ್ಲ, ಅದೂ ಹೀಗೆಯೇ ಮೇಲಿನ ಆದೇಶವನ್ನು ಜಾರಿ ಮಾಡುವ ಕೈ. ಊರ ಯಜಮಾನರು, ಬೀದಿಯವರು, ಯುವಕ ಮಂಡಳಿಯವರು ಸೇರಿ ಕ್ವಾರಂಟೈನ್ ಹಾಕುವ ಅಧಿಕಾರ ಯಾವ ಕಾನೂನಿನಲ್ಲೂ ಇಲ್ಲ. ಆ ವರ್ಷ ಎಷ್ಟೋ ಹಳ್ಳಿಯವರು ರಸ್ತೆಗೆ ಮುಳ್ಳುಬೇಲಿ ಹಾಕಿದರು, ಗುಂಡಿ ತೋಡಿದರು. ಭಯದಿಂದ ಮಾಡಿದ್ದು, ಒಪ್ಪೋಣ. ಆದರೆ ಹೆರಿಗೆ ನೋವು ಬಂದವಳ ಆಟೋ ಎಲ್ಲಿಂದ ದಾಟಬೇಕು? ನಲ್ಲಿ ನೀರು ತಡೆಯುವುದಂತೂ ಯಾರ ಆದೇಶದಲ್ಲೂ ಇರಲಿಲ್ಲ.

ನಿಯಮ ಮೀರಿದರೆ ಏನಾಗುತ್ತದೆ? ಹಿಂದೆ 188ನೇ ಕಲಂ ಎಂದು ಕೇಳುತ್ತಿದ್ದೆವು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 223ನೇ ಕಲಂ ಬಂದಿದೆ. ಅಧಿಕಾರಿಯ ಆದೇಶ ಮೀರಿ ಜನರ ಜೀವಕ್ಕೆ, ಆರೋಗ್ಯಕ್ಕೆ ಅಪಾಯ ತಂದರೆ ಒಂದು ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ರೋಗ ಹರಡಬಹುದು ಎಂದು ಗೊತ್ತಿದ್ದೂ ನಿರ್ಲಕ್ಷ್ಯದಿಂದ ಓಡಾಡಿದರೆ 271ನೇ ಕಲಂ, ಆರು ತಿಂಗಳವರೆಗೆ. ಬೇಕೆಂದೇ ಹರಡಿದರೆ 272, ಎರಡು ವರ್ಷದವರೆಗೆ. ಇವೆಲ್ಲ ಜಾಮೀನು ಸಿಗುವಂಥವು. 223ರ ಕೇಸನ್ನು ಕೋರ್ಟು ತೆಗೆದುಕೊಳ್ಳಬೇಕಾದರೆ ಸಂಬಂಧಪಟ್ಟ ಅಧಿಕಾರಿ ಅಥವಾ ಅವರ ಮೇಲಧಿಕಾರಿ ಲಿಖಿತ ದೂರು ಕೊಡಬೇಕು. ಲಾಠಿ ಏಟು ಯಾವ ಕಲಮಿನಲ್ಲೂ ಶಿಕ್ಷೆಯಾಗಿ ಬರೆದಿಲ್ಲ. ಹೆಣ್ಣುಮಕ್ಕಳನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಬಂಧಿಸುವಂತಿಲ್ಲ. ತೀರಾ ಅಗತ್ಯ ಬಿದ್ದರೆ ಮಹಿಳಾ ಪೊಲೀಸ್ ಅಧಿಕಾರಿಯೇ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಬರಬೇಕು.

ಹಾಗಂತ ಆಶಾ ಅಕ್ಕನ ಮೇಲೆ ರೇಗಬೇಡಿ. ಆಕೆಯೂ ನಮ್ಮ ಸಂಘದವಳೇ ಆಗಿರುತ್ತಾಳೆ. 2020ರಲ್ಲಿ ಕೇಂದ್ರ ಸರ್ಕಾರ ಹಳೆಯ ಕಾನೂನಿಗೆ ತಿದ್ದುಪಡಿ ತಂದು, ರೋಗದ ಸಮಯದಲ್ಲಿ ಆರೋಗ್ಯ ಸಿಬ್ಬಂದಿಯ ಮೇಲೆ ಕೈ ಮಾಡಿದವರಿಗೆ ಮೂರು ತಿಂಗಳಿಂದ ಐದು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ ಎಂದು ಮಾಡಿತು. ಇದಕ್ಕೆ ಜಾಮೀನು ಸುಲಭವಲ್ಲ.

ಆ ವರ್ಷದ ನಿಯಮಗಳಲ್ಲಿ ಅತಿಯಾದವೂ ಇದ್ದವು. ಕೈಗೆ ಮಸಿ ಮುದ್ರೆ ಹಾಕಿದರು. ಮನೆಯಲ್ಲಿ ಕ್ವಾರಂಟೈನ್ ಇದ್ದವರು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಮ್ಮೆ ಮೊಬೈಲಿನಲ್ಲಿ ತಮ್ಮ ಫೋಟೋ ತೆಗೆದು ಕಳಿಸಬೇಕೆಂದು 2020ರ ಮಾರ್ಚ್ ಕೊನೆಯಲ್ಲಿ ನಮ್ಮ ಸರ್ಕಾರ ಹೇಳಿತು. ಕೀಪ್ಯಾಡ್ ಫೋನು ಇದ್ದವರು ಏನು ಮಾಡಬೇಕು ಎಂದು ನಾವು ಆಗಲೇ ಕೇಳಿದ್ದೆವು. ಅಕ್ಟೋಬರಿನಲ್ಲಿ ಮಾಸ್ಕ್ ದಂಡವನ್ನು ಪಟ್ಟಣದಲ್ಲಿ 1,000 ರೂಪಾಯಿ ಮಾಡಿದರು. ಜನ ಗಲಾಟೆ ಮಾಡಿದ ಮೇಲೆ ಕೆಲವೇ ದಿನದಲ್ಲಿ 250ಕ್ಕೆ ಇಳಿಸಿದರು. ಅಂದರೆ ನಿಯಮ ಕಲ್ಲಿನ ಮೇಲೆ ಕೆತ್ತಿದ್ದಲ್ಲ, ಕೇಳಿದರೆ ಬದಲಾಗುತ್ತದೆ. ಮನೆ ಗೋಡೆಗೆ ಅಂಟಿಸುತ್ತಿದ್ದ ಚೀಟಿಯ ವಿಷಯದಲ್ಲೂ ಹಾಗೆಯೇ. 2020ರ ಡಿಸೆಂಬರ್ 9ರಂದು ಸುಪ್ರೀಂ ಕೋರ್ಟು, ವಿಪತ್ತು ಕಾಯ್ದೆಯಡಿ ಅಧಿಕಾರವುಳ್ಳವರ ನಿರ್ದೇಶನ ಇಲ್ಲದೆ ಕೊರೊನಾ ರೋಗಿಗಳ ಮನೆ ಮುಂದೆ ಪೋಸ್ಟರ್ ಅಂಟಿಸುವಂತಿಲ್ಲ ಎಂದಿತು. ಚೀಟಿ ನೋಡಿದ ನೆರೆಯವರು ಆ ಮನೆಯವರನ್ನು ಮುಟ್ಟಬಾರದವರ ಹಾಗೆ ನೋಡುತ್ತಿದ್ದರು, ಅಲ್ವಾ?

ಕೊರೊನಾದ ಆ ಆದೇಶಗಳು ಈಗ ಇಲ್ಲ. ಆದರೆ ಕಾಯ್ದೆ ಇದೆ. 2024ರ ಆಗಸ್ಟ್ ಕೊನೆಯಲ್ಲಿ ಅದೇ ಕಾಯ್ದೆಯಡಿ ಡೆಂಗೀಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿದರು. ಮನೆಯಲ್ಲಿ ಸೊಳ್ಳೆ ಮರಿಯಾಗುವ ಹಾಗೆ ನೀರು ನಿಲ್ಲಿಸಿಕೊಂಡರೆ ಹಳ್ಳಿಯಲ್ಲಿ 200 ರೂಪಾಯಿ, ಪಟ್ಟಣದಲ್ಲಿ 400 ರೂಪಾಯಿ ದಂಡ ಎಂದು ಬಂತು. ಹೋಟೆಲು, ಶಾಲೆ, ಅಂಗಡಿಗಳಿಗೆ 500 ಮತ್ತು 1,000, ಖಾಲಿ ಸೈಟು, ಕಟ್ಟಡದ ಕೆಲಸ ನಡೆಯುವ ಜಾಗಕ್ಕೆ 1,000 ಮತ್ತು 2,000. ವಾರಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ಡ್ರಮ್ಮು ತುಂಬಿಡದೆ ಬೇರೆ ದಾರಿ ಇಲ್ಲ, ಅದು ನಮಗೂ ಗೊತ್ತು. ಹಳೇ ಸೀರೆ ಬಟ್ಟೆ ಬಿಗಿದು ಮುಚ್ಚಿ, ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ ತೊಳೆಯಿರಿ. ಯಾರಾದರೂ ದಂಡ ಕೇಳಿದರೆ ರಸೀದಿ ಕೇಳಿ. ರಸೀದಿ ಕೊಡದವರಿಗೆ ಹಣ ಕೊಡಬೇಡಿ.

ಕ್ವಾರಂಟೈನ್ ಎಂದು ಯಾರಾದರೂ ಬಂದರೆ ಜಗಳ ಬೇಡ. ಆದೇಶ ಯಾರದ್ದು, ಯಾವ ದಿನದಿಂದ ಯಾವ ದಿನದವರೆಗೆ ಎಂದು ಬರೆಸಿಕೊಳ್ಳಿ. ಹೆಸರು, ಹುದ್ದೆ ಬರೆದಿಟ್ಟುಕೊಳ್ಳಿ. ಮುಗಿದ ದಿನ ಮುಗಿಯಿತು ಎಂದು ಆಶಾ ಕಾರ್ಯಕರ್ತೆಯಿಂದಲೇ ಬೀದಿಯವರ ಮುಂದೆ ಹೇಳಿಸಿ. ಒಳಗಿರುವವರಿಗೆ ರೇಷನ್, ಮಾತ್ರೆ ತಲುಪಿಸುವವರು ಯಾರು ಎಂದು ಪಿಡಿಒ ಅವರನ್ನು ಸಂಘದ ಲೆಟರ್‌ಹೆಡ್ಡಿನಲ್ಲೇ ಬರೆದು ಕೇಳಿ.

ಆ ಅಕ್ಕನ ಸಂಘ ಹೋದ ವಾರ ಠರಾವು ಪುಸ್ತಕದಲ್ಲಿ ಹೀಗೆ ಬರೆದು ಸಹಿ ಮಾಡಿದೆ: ರೋಗದ ಆದೇಶದಿಂದ ಮನೆಯಲ್ಲೇ ಉಳಿದ ಸದಸ್ಯೆಯ ಕಂತಿಗೆ ಆ ಅವಧಿಯಲ್ಲಿ ದಂಡವಿಲ್ಲ, ಬೇಕಾದರೆ ತುರ್ತು ಸಾಲ ಮನೆಗೇ ತಲುಪಿಸುವುದು, 2020ರಲ್ಲಿ ಹಾಕಿದ ದಂಡ ವಾಪಸ್. ಮೊತ್ತ ತೊಂಬತ್ತು ರೂಪಾಯಿ. ಅಕ್ಕ ಅದನ್ನು ಎಣಿಸಿ ತೆಗೆದುಕೊಂಡರು. ನಿಮ್ಮ ಸಂಘದ ಆ ವರ್ಷದ ಪುಸ್ತಕವನ್ನೂ ಒಮ್ಮೆ ತೆರೆದು ನೋಡಿ, ಮುಂದಿನ ಒಕ್ಕೂಟ ಸಭೆಗೆ ತನ್ನಿ.