ಗಾಳಿ ನಿಂತರೂ ನಿಲ್ಲದ ತೆರೆ

ಅಥಣಿ ಸೀಮೆಯ ಅನಂತಪುರದಿಂದ ಗೋಕರ್ಣಕ್ಕೆ ಹೋದವರು, ಎಲೆ ಅಲುಗದ ಮಧ್ಯಾಹ್ನದಲ್ಲೂ ದೊಡ್ಡ ತೆರೆ ಕಂಡು ಬೆರಗಾಗುವುದುಂಟು. ತೆರೆ ಹುಟ್ಟುವುದು ಗಾಳಿಯಿಂದಲೇ. ಆದರೆ ಆ ಗಾಳಿ ಅಲ್ಲೇ ಬೀಸಿರಬೇಕೆಂದಿಲ್ಲ. ಹಿಂದೂ ಮಹಾಸಾಗರದ ದಕ್ಷಿಣ ತುದಿಯ ಬಿರುಗಾಳಿ ಎಬ್ಬಿಸಿದ ಉದ್ದನೆಯ ಅಲೆಗಳು ಸಾವಿರಾರು ಕಿ.ಮೀ. ದಾಟಿ, ದಿನಗಳ ಬಳಿಕ ನಮ್ಮ ಕರಾವಳಿ ಮುಟ್ಟುತ್ತವೆ. 16 ಸೆಕೆಂಡಿಗೊಮ್ಮೆ ಬರುವ ಅಲೆಯ ನೆತ್ತಿ ಆಳ ಕಡಲಲ್ಲಿ ಗಂಟೆಗೆ ಸುಮಾರು 90 ಕಿ.ಮೀ. ಓಡುತ್ತದೆ, ಅಲೆಗಳ ಗುಂಪು ಹೊತ್ತ ಶಕ್ತಿ ಅದರ ಅರ್ಧ ವೇಗದಲ್ಲಿ ಸಾಗುತ್ತದೆ. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್ ಮೀನುಗಾರರಿಗೆ ಮುನ್ನೆಚ್ಚರಿಕೆ ಕೊಡಲು ಸಾಧ್ಯವಾಗಿರುವುದು ಈ ದೀರ್ಘ ಪ್ರಯಾಣದಿಂದಲೇ.

ಸಾಗಿಬರುವುದು ಶಕ್ತಿ, ನೀರಲ್ಲ. ಗಾಳಿಗೆ ಜೋಳದ ಹೊಲ ತೂಗಿದರೂ ದಂಟು ಬದು ದಾಟುವುದಿಲ್ಲ. ಹಾಗಾದರೆ ಮೊಣಕಾಲುದ್ದ ನೀರಲ್ಲಿ ನಿಂತವರನ್ನು ಎಳೆಯುವುದೇನು? ಆಕ್ಷೇಪ ನ್ಯಾಯವಾದದ್ದೇ. ಆಳದಲ್ಲಿ ನೀರಿನ ಕಣ ಸುತ್ತು ಹೊಡೆದು ಹೆಚ್ಚುಕಡಿಮೆ ಇದ್ದಲ್ಲಿಗೇ ಮರಳುತ್ತದೆ. ಆದರೆ ಆಳವು ಅಲೆಯುದ್ದದ ಅರ್ಧಕ್ಕಿಂತ ಕಡಿಮೆಯಾದರೆ ಅಲೆಗೆ ತಳ ತಾಗುತ್ತದೆ. ದಡ ಸಮೀಪಿಸಿದಂತೆ ವೇಗ ತಗ್ಗಿ, ಎತ್ತರ ಏರಿ, ಕೊನೆಗೆ ನೆತ್ತಿ ಮುಂದಕ್ಕೆ ಕುಸಿಯುತ್ತದೆ. ಅಲ್ಲಿಂದಾಚೆ ನೀರು ನಿಜವಾಗಿಯೇ ನುಗ್ಗುತ್ತದೆ, ಕಾಲಡಿಯ ಮರಳನ್ನೂ ಕರಗಿಸಿಕೊಂಡು ಹಿಂತಿರುಗುತ್ತದೆ, ಕೆಲವೆಡೆ ಕಿರಿದಾದ ದಾರಿ ಹಿಡಿದು ಸೆಳೆವಾಗುತ್ತದೆ. ಸೆಳೆವಿರುವ ಕಡೆ ತೆರೆ ಒಡೆಯುವುದು ಕಡಿಮೆ, ಹಾಗಾಗಿ ಆ ಜಾಗವೇ ಶಾಂತವಾಗಿ ಕಾಣುತ್ತದೆ. ಹೊಸಬರು ಈಜಲು ಇಳಿಯುವುದೂ ಎಷ್ಟೋ ಸಲ ಅಲ್ಲೇ.